ನಡುವಿನ ಮೂವತ್ತು ಪುಟ

ಒಂದು ತಿಂಗಳು ಬಾಯಿ ಬಿಡಬಾರದು ಎಂದು ಬಳ್ಳಾರಿಯ ಗಂಟಲು ಡಾಕ್ಟರು ಹೇಳಿದಾಗ ನನ್ನ ಹೆಂಡತಿ ಸೆರಗು ಅಡ್ಡ ಹಿಡಿದು ನಕ್ಕಳು. ನಕ್ಕಿದ್ದು ತಪ್ಪಲ್ಲ. ಮೂವತ್ತೈದು ವರ್ಷದಿಂದ ಸಿರುಗುಪ್ಪದ ರೈಸ್‌ಮಿಲ್ಲುಗಳಲ್ಲಿ ಅಕ್ಕಿ ದಲ್ಲಾಳಿ ನಾನು. ನನ್ನ ಬಂಡವಾಳವೇ ಬಾಯಿ. ಗಂಟಲೊಳಗೆ ಗಂಟು ಬೆಳೆದಿತ್ತು, ತೆಗೆದರು. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು ಅಂದರು. ನಿಮಗೂ ಗಂಟಲು ಕೆಟ್ಟರೆ ಇದು ನೆನಪಿರಲಿ.

ಮಾತಿಲ್ಲದವನು ಓದಬೇಕಷ್ಟೆ. ಕುರುಗೋಡಿನಿಂದ ನನ್ನ ಗೆಳೆಯ ಒಂದು ಚೀಲ ಪುಸ್ತಕ ತಂದುಕೊಟ್ಟ. ಹೈಸ್ಕೂಲಿನಿಂದ ಜೊತೆಗಿದ್ದವನು, ಮೇಷ್ಟ್ರಾಗಿ ರಿಟೈರ್ ಆದವನು. ಚೀಲದ ತಳದಲ್ಲಿ ಅವನೇ ಬರೆದ ಅವನ ಬದುಕಿನ ಕಥೆಯೂ ಇತ್ತು. ನೂರಿಪ್ಪತ್ತು ಪುಟ ಕೈಬರಹದ ಜೆರಾಕ್ಸ್, ಸ್ಪೈರಲ್ ಬೈಂಡಿಂಗ್.

"ಪ್ರೆಸ್ಸಿಗೆ ಕೊಡಬೇಕಂತ ಮಾಡೀನಿ. ಪೂರ್ತಿ ಓದಿ ಹೇಳಲೇ. ನೀ ಹೂಂ ಅಂದ ಮ್ಯಾಲೇ ಕೊಡಾದು," ಅಂದ. ತಲೆಯಾಡಿಸಿದೆ.

ನಾನು ಓದುವ ರೀತಿ ಹೇಳುತ್ತೇನೆ. ಅಕ್ಕಿ ಚೀಲವನ್ನು ಯಾರೂ ಬಿಚ್ಚಿ ಸುರಿದು ನೋಡುವುದಿಲ್ಲ. ಚೂಪಾದ ಕಬ್ಬಿಣದ ಕೊಳವೆಯನ್ನು ಮೇಲೊಂದು, ಕೆಳಗೊಂದು, ನಡುವೆ ಒಂದು ಕಡೆ ಚುಚ್ಚುತ್ತೇವೆ. ಅಂಗೈಗೆ ಬಿದ್ದ ಕಾಳಲ್ಲಿ ನುಚ್ಚೆಷ್ಟು ಎಂದು ನೋಡಿ, ಒಂದೆರಡನ್ನು ಹಲ್ಲಲ್ಲಿ ಕಡಿದರೆ ಮುಗಿಯಿತು, ದರ ಹೇಳಬಹುದು. ಪುಸ್ತಕಕ್ಕೂ ನಾನು ಅದನ್ನೇ ಮಾಡಿದೆ.

ಮೊದಲು ಕೈಗೆ ಬಂದದ್ದು ಶ್ರೀಮಂತರಾಗುವುದು ಹೇಗೆ ಎಂಬ ಪುಸ್ತಕ. ಬರೆದವನು ಜೀವಮಾನದಲ್ಲಿ ಒಂದು ಚೀಲ ಸರಕು ಮಾರಿದವನಲ್ಲ ಎಂದು ಎರಡನೇ ಪುಟಕ್ಕೇ ಗೊತ್ತಾಯಿತು. ಅಂಥದ್ದನ್ನು ಕೊಳ್ಳಬೇಡಿ. ಆಮೇಲೆ ತೆಲುಗಿನಿಂದ ಬಂದ ಒಂದು ಕೊಲೆ ಕಾದಂಬರಿ. ಕೊನೆಯ ಹತ್ತು ಪುಟ ಮೊದಲೇ ಓದಿ ಕೊಲೆಗಾರನನ್ನು ಹಿಡಿದೆ, ಉಳಿದದ್ದು ಉಳಿಯಿತು. ಕವಿತೆಯ ಪುಸ್ತಕದಲ್ಲಿ ಅಕ್ಷರಕ್ಕಿಂತ ಬಿಳಿ ಕಾಗದವೇ ಹೆಚ್ಚು. ಸಂಗನಕಲ್ಲು ಗುಡ್ಡದ ಹಳೇ ಜನರ ಬಗ್ಗೆ, ಕುಡತಿನಿಯ ಬೂದಿ ದಿಬ್ಬದ ಬಗ್ಗೆ ಇನ್ನೊಂದಿತ್ತು. ಕುಡತಿನಿಯ ಬೂದಿ ಎಂದರೆ ಪವರ್ ಸ್ಟೇಷನ್ನಿನದು ಅಂತಲೇ ತಿಳಿದಿದ್ದೆ ನಾನು. ಸಾವಿರಾರು ವರ್ಷದ ಹಿಂದೆ ಸಗಣಿ ಸುಟ್ಟ ಬೂದಿಯಂತೆ. ಅದನ್ನು ಅಗೆಯುವವರು ಬ್ರಷ್ಷು ಹಿಡಿದು ಪದರ ಪದರವಾಗಿ ಬಿಡಿಸುತ್ತಾರಂತೆ, ಒಂದು ಗುಂಡಿಗೆ ವರ್ಷಗಟ್ಟಲೆ. ಕೆಲಸವಿಲ್ಲದ ಮಂದಿ ಅಂದುಕೊಂಡೆ.

ಎರಡನೇ ವಾರ ಗೆಳೆಯನ ಸ್ಪೈರಲ್ ತೆಗೆದೆ. ಶುರುವಿನ ಕೆಲವು ಪುಟ, ಕೊನೆಯ ಕೆಲವು ಪುಟ, ಆಮೇಲೆ ನಡುವೆ ಒಂದು ಕಡೆ ತೆರೆದೆ. ಅಲ್ಲಿ ಅವರವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎರಡು ಪುಟ ಬರೀ ರೊಟ್ಟಿ. ಹಿಟ್ಟಿಗೆ ಬಿಸಿನೀರು, ನಾದುವ ಕೊಣಮಿಗೆ, ಅಂಗೈ ಸಪ್ಪಳ. ಮುಚ್ಚಿದೆ. ಬಾಯಿಲ್ಲವಲ್ಲ, ಮೊಬೈಲಿನಲ್ಲಿ ಬರೆದು ಕಳಿಸಿದೆ: ಶುರು ಚಲೋ ಐತಿ, ಕೊನಿ ನಡೀತೈತಿ, ನಡುವಿನ ಮೂವತ್ತು ಪುಟ ತೆಗಿ, ಆ ರೊಟ್ಟಿ ಪುರಾಣ ಯಾರಿಗೂ ಬ್ಯಾಡ.

"ಆತು" ಎಂದು ಉತ್ತರ ಬಂತು. ಅಷ್ಟೇ. ವಾರಕ್ಕೊಮ್ಮೆ ನೋಡಲು ಬರುತ್ತಿದ್ದವನು ಮುಂದಿನ ಎರಡು ವಾರ ಬರಲಿಲ್ಲ. ಪ್ರೆಸ್ಸಿನ ಓಡಾಟ ಇರಬೇಕು ಅಂದುಕೊಂಡೆ.

ನಾಲ್ಕನೇ ವಾರ ಓದಲು ಬೇರೇನೂ ಉಳಿಯಲಿಲ್ಲ. ಬೇಸರಕ್ಕೆ ಸ್ಪೈರಲ್ಲನ್ನು ಮೊದಲ ಪುಟದಿಂದ ಹಿಡಿದೆ. ರೊಟ್ಟಿಯ ಪುಟ ಬಂತು. ಮಗುಚಿದೆ. ಆ ರೊಟ್ಟಿ ಉಣ್ಣಲು ಕೂತಿದ್ದವನು ನಾನು.

ನಾನು ಹಚ್ಚೊಳ್ಳಿ ಕಡೆಯವನು. ಹೈಸ್ಕೂಲಿಗೆಂದು ಕುರುಗೋಡಿನ ಸಂಬಂಧಿಕರ ಮನೆಯಲ್ಲಿದ್ದೆ. ಮಲಗಲು ಪಡಸಾಲೆ, ಬೆಳಗ್ಗೆ ಒಂದು ಊಟ ಕೊಡುತ್ತಿದ್ದರು. ಸಂಜೆಯ ಊಟ, ಎರಡು ವರ್ಷ, ಈ ಗೆಳೆಯನ ಮನೆಯಲ್ಲಿ. ಅವರದು ಊರ ಹೊರಗಿನ ಕೇರಿ, ನಮ್ಮದು ಶಿವಪೂಜೆ ಆಗದೆ ನೀರು ಕುಡಿಯದ ಮನೆತನ. ನಾನು ಅಲ್ಲಿ ಉಂಡದ್ದು ಗೊತ್ತಾದರೆ ಸಂಬಂಧಿಕರು ಹೊರಗೆ ಹಾಕುತ್ತಾರೆಂದು ಅವರವ್ವ ನನಗೆ ಬಾಯಿ ಮುಕ್ಕಳಿಸಲು ಹೇಳಿ, ಹಿಂದಿನ ದಾರಿ ಹಿಡಿಸಿ ಕಳಿಸುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ. ಎಲ್ಲ ಬರೆದಿದ್ದ. ನಾನು ಮರೆತದ್ದನ್ನೂ ಬರೆದಿದ್ದ: ಎರಡನೇ ರೊಟ್ಟಿ ಕೇಳಲು ನನಗೆ ನಾಚಿಕೆ ಎಂದು ಅವಳು ಎರಡನ್ನೂ ಒಟ್ಟಿಗೇ ಹಾಕುತ್ತಿದ್ದಳಂತೆ.

ಆ ಮೂವತ್ತು ಪುಟಗಳ ಕೊನೆಯದರಲ್ಲಿ ವ್ಯಾಪಾರಿಗಳು ನನಗೆ ಶಾಲು ಹೊದಿಸಿದ ದಿನ. ಯಾರ ಮನೆಯ ಅನ್ನದ ಹಂಗೂ ಇಲ್ಲದೆ ಮೇಲೆ ಬಂದವನು ನಾನು ಎಂದು ಅವತ್ತು ಮೈಕಿನಲ್ಲಿ ಹೇಳಿದ್ದೆ. ಎಲ್ಲ ಕಡೆ ಹೇಳುವುದೇ ಅದು, ದಂಧೆಗೆ ಹೊಸಬರು ಬುದ್ಧಿ ಕೇಳಿದಾಗ ಮೊದಲು ಹೇಳುವುದೂ ಅದೇ. ಗೆಳೆಯ ಕೊನೆಯ ಸಾಲಿನಲ್ಲಿ ಕೂತಿದ್ದನಂತೆ. "ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ" ಎಂದು ಬರೆದು ನಿಲ್ಲಿಸಿದ್ದ. ಸಿಟ್ಟಿನ ಒಂದು ಮಾತಿರಲಿಲ್ಲ.

ಇವನು ಪುಸ್ತಕ ಹೇಗಿದೆ ಎಂದು ಕೇಳಿರಲಿಲ್ಲ. ಇದನ್ನು ಹೇಳಲು ನೀನು ಒಪ್ಪುತ್ತೀಯಾ ಎಂದು ಕೇಳಿದ್ದ. ತೆಗಿ ಎಂದು ನಾನು ಬರೆದುಕೊಟ್ಟಿದ್ದೆ.

ಡಾಕ್ಟರು ಸ್ವಲ್ಪ ಸ್ವಲ್ಪ ಮಾತಾಡಿ ಅಂದ ದಿನವೇ ಕುರುಗೋಡಿನ ಬಸ್ಸು ಹತ್ತಿದೆ. ಅವನು ಕಟ್ಟೆಯ ಮೇಲೆ ಕೂತು ಹೊಸ ಪುಸ್ತಕದ ಕಟ್ಟು ಬಿಚ್ಚುತ್ತಿದ್ದ. ತೆಳ್ಳಗಿತ್ತು.

"ಆ ಪುಟ ನಾ ಓದಿದ್ದಿಲ್ಲಲೇ," ಅಂದೆ. ತಿಂಗಳ ಮೇಲೆ ಆಡಿದ ಮೊದಲ ಮಾತು, ತಗಡು ಎಳೆದಂತೆ ಬಂತು.

"ನೀ ಬರದದ್ದು ನಾ ಪೂರ್ತಿ ಓದಿದೆ," ಅಂದ.

ಮತ್ತೆ ಅಚ್ಚು ಹಾಕಿಸು, ಖರ್ಚು ನನ್ನದು ಅಂದೆ. ಸಾವಿರ ಪ್ರತಿ ನಾನೇ ಕೊಳ್ಳುತ್ತೇನೆ ಅಂದೆ. ಅವನು ತಲೆ ಎತ್ತಲಿಲ್ಲ.

"ರೇಟು ಹೇಳಬ್ಯಾಡ. ನಮ್ಮ ಮನ್ಯಾಗ ಉಂಡಿದ್ದು ಇಷ್ಟು ವರ್ಷದಾಗ ಎಷ್ಟು ಮಂದಿಗೆ ಹೇಳೀದಿ? ಒಬ್ಬರ ಹೆಸರು ಹೇಳು, ನಾಳೇನೇ ಆ ಪುಟ ಸೇರಿಸ್ತೀನಿ."

ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವನ ಹೆಂಡತಿ ಚಹಾ ತಂದಿಟ್ಟಳು. ಅದು ಆರಿತು. ಎದ್ದಾಗ ಸ್ಪೈರಲ್ ವಾಪಸ್ ಚಾಚಿದೆ, ತೆಗೆದುಕೊಳ್ಳಲಿಲ್ಲ. "ಇಟ್ಕೋ, ಅದು ನಿಂದೇ," ಅಂದ.

ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಈಗ ಹೇಳಲು ಒಂದೇ ಇದೆ: ಓದದೆ ದರ ಹೇಳಬೇಡಿ. ಅದೂ ನನಗೆ ಉಪಯೋಗಕ್ಕೆ ಬರಲಿಲ್ಲ. ಹೋದ ವಾರ ಸಿರುಗುಪ್ಪದ ಮಿಲ್ಲೊಂದರಲ್ಲಿ ಮಾಲೀಕ ತನ್ನ ಹೊಸ ಪಾಲುದಾರರಿಗೆ ನನ್ನ ಪರಿಚಯ ಮಾಡಿಸಿದ. ಯಾರ ಹಂಗೂ ಇಲ್ಲದೆ ಬೆಳೆದವರು ನೋಡ್ರಿ ಇವರು, ಹೆಂಗ ಬಂದ್ರಿ ಅಂತ ಇವರಿಗೊಂದಿಷ್ಟು ಹೇಳ್ರಿ ಅಂದ. ನಾಲ್ಕು ಮಂದಿ ನನ್ನ ಮುಖ ನೋಡುತ್ತಿದ್ದರು. ಬೇಕಾಗಿದ್ದುದು ಒಂದು ಮಾತು, ದನಿಯೂ ಆಗಲೇ ಸರಿಹೋಗಿತ್ತು.

ಗಂಟಲು ಮುಟ್ಟಿಕೊಂಡು, ಮಾತಾಡುವಂತಿಲ್ಲ ಎಂದು ಕೈಸನ್ನೆ ಮಾಡಿದೆ.