ದಾರಿ ತೋರಿಸುವ ಮಾಯಣ್ಣ

ಕುಡಿತ ಬಿಟ್ಟವರ ಸಭೆ ತಿಪಟೂರಿನಲ್ಲಿ ಎಲ್ಲಿ ನಡೆಯುತ್ತದೆಂದು ಬಾಯಿಬಿಟ್ಟು ಕೇಳುವವರು ಕಡಿಮೆ. ಕೇಳಲಾಗದವರನ್ನು ಮಾಯಣ್ಣನೇ ಹುಡುಕುತ್ತಾನೆ. ಅವನೂ ಆ ಸಭೆಗೆ ಹೋಗಿಯೇ ಕುಡಿತ ಬಿಟ್ಟವನು. ಭಾನುವಾರ ಸಭೆಯ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಬೋರ್ಡು ಓದುತ್ತ ಯಾವ ಬಸ್ಸನ್ನೂ ಹತ್ತದವರು ಕಂಡರೆ, "ಬನ್ರೀ, ನಾನೂ ಅಲ್ಲಿಗೇ ಹೋಯ್ತಿರದು" ಎಂದು ಜೊತೆಯಾಗುತ್ತಾನೆ. ದಾರಿಯುದ್ದಕ್ಕೂ ಕೊಬ್ಬರಿ ಧಾರಣೆಯ ಬಗ್ಗೆ ಹರಟುತ್ತಾನೆಯೇ ಹೊರತು ಕುಡಿತದ ಮಾತೆತ್ತುವುದಿಲ್ಲ. ಒಮ್ಮೆ ಅರಳಗುಪ್ಪೆಯ ಬಸ್ಸಿಗೆ ಕಾಯುತ್ತಿದ್ದ ದರ್ಜಿ ಗೌಸ್ ಪೀರರನ್ನೂ ತಪ್ಪಾಗಿ ಕರೆತಂದು ಕೂರಿಸಿದ್ದ. ಎಂದೂ ಕುಡಿಯದ ಅವರು ಎಲ್ಲರ ಕಥೆ ಕೇಳಿ, "ಮುಂದಿನ ವಾರನೂ ಬತ್ತೀನಿ ಕಣಪ್ಪ" ಎಂದರಂತೆ. ಇಂಥ ಮಾತುಗಾರ ಕಳೆದ ಭಾನುವಾರ ಆ ನಿಲ್ದಾಣದಲ್ಲಿ ಯಾವ ಬಸ್ಸನ್ನೂ ಹತ್ತದೆ ನಿಂತಿದ್ದ ಮಗ ಗಂಗರಾಜುವನ್ನು ಕಂಡು ತಾನೂ ಬೋರ್ಡು ಓದತೊಡಗಿದ. ಮಗನೇ ಹತ್ತಿರ ಬಂದು, "ಅಪ್ಪಾ, ನನ್ ಕೈಲಿ ಬುಡಕ್ಕಾಗ್ತಿಲ್ಲ, ನಂಗೂ ಜಾಗ ತೋರ್ಸು" ಎಂದ.