ಖಾಲಿ ಬಂದ ಮೋಟರ್

ಬನಹಟ್ಟಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ಏಳನೆಯ ತರಗತಿ ಅರ್ಧಕ್ಕೆ ಬಿಟ್ಟವನು ನಾನು. ಆದರೂ ನಾನು ಸುತ್ತಿದ ಮೋಟರ್ ಸುಟ್ಟು ಮರಳಿ ಬರುವುದಿಲ್ಲ ಎಂದು ಮಗ್ಗದವರು ಹೇಳುತ್ತಿದ್ದರು. ಆ ಮಾತೇ ನನ್ನ ಬೋರ್ಡು.

ನನ್ನ ವಿದ್ಯೆ ಇಷ್ಟೇ: ಸುಟ್ಟ ಸುರುಳಿಯ ಸುತ್ತು ಎಣಿಸುವುದು, ಅದೇ ದಪ್ಪದ ತಂತಿಯನ್ನು ಅಷ್ಟೇ ಸಲ ಸುತ್ತುವುದು. ಅಷ್ಟೇ ಸುತ್ತು ಯಾಕೆ ಎಂದು ಯಾವತ್ತೂ ಕೇಳಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ ರಬಕವಿಯಿಂದ ನೇಕಾರ ಗೆಳೆಯನೊಬ್ಬ ಮಗ್ಗದ ಮೋಟರ್ ತಂದ. ಬಿಚ್ಚಿದರೆ ಒಳಗೆ ಬೋಳು ಕಬ್ಬಿಣ. ಸುರುಳಿ ಎಲ್ಲಿ ಎಂದು ಕೇಳಿದೆ.

"ಗುಜರಿಯಾಂವಗ ಹಾಕಿದ್ನಿ. ಸುಟ್ಟ ತಾಮ್ರ ಇಟ್ಕೊಂಡ ಪೂಜಾ ಮಾಡ್ಲೇನ್ಲೇ?"

ಮುಧೋಳದ ಹಿರಿಯ ಮೇಸ್ತ್ರಿಗೆ ಫೋನ್ ಮಾಡಿದ್ದರೆ ಸುತ್ತಿನ ಸಂಖ್ಯೆ ಹೇಳುತ್ತಿದ್ದರು. ಮಾಡಲಿಲ್ಲ. ಹಾಗೇ ಕಾಣುವ ಇನ್ನೊಂದು ಮೋಟರಿನ ಅಳತೆ ಹಿಡಿದು ಎಪ್ಪತ್ತು ಸುತ್ತಿದೆ. ನಾಲ್ಕನೆಯ ದಿನ ಸುಟ್ಟು ಬಂತು.

ಮಗಳು ಆಗ ಜಮಖಂಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಳು. ಸ್ಕೇಲಿನಿಂದ ಒಳಗಿನ ಕಬ್ಬಿಣ ಅಳೆದು, ತಂತಿಯ ಡಬ್ಬಿಯ ರಟ್ಟಿನ ಮೇಲೆ ಗಣಿತ ಮಾಡಿ ತೊಂಬತ್ತೆರಡು ಎಂದಳು. ತಂತಿಯೂ ಸಣ್ಣದು ಬೇಕಂತೆ.

"ಅಪ್ಪಾ, ಇದರ ಕಬ್ಬಿಣ ಗಿಡ್ಡ ಐತಿ, ಅಷ್ಟ ಬಲ ತಡಿಯೂದಿಲ್ಲ. ಸುತ್ತ ಹೆಚ್ಚ ಮಾಡಿದ್ರ ಅಯಸ್ಕಾಂತದ ಬಲ ಕಡಿಮಿ ಆಗತೈತಿ, ಆಗ ಮೋಟರ್ ಕಾದು ಸುಡೂದಿಲ್ಲ."

ನನಗೆ ನಗು ಬಂತು. ಮೊಳೆಗೆ ತಂತಿ ಸುತ್ತಿ ಸೆಲ್ಲು ಹಚ್ಚಿದರೆ, ಸುತ್ತು ಹೆಚ್ಚಾದಷ್ಟೂ ಅದು ಹೆಚ್ಚು ಗುಂಡುಸೂಜಿ ಎತ್ತುತ್ತದೆ. ಸಾಲಿಯಲ್ಲಿ ನಾನು ಕಲಿತು ಬಂದದ್ದು ಅದೊಂದೇ. ಸೆಲ್ಲಿನ ಲೆಕ್ಕ ಬೇರೆ, ಲೈನಿನ ಕರೆಂಟಿನ ಲೆಕ್ಕ ಬೇರೆ ಎಂದು ಅವಳು ಮೂರು ಸಲ ಬಿಡಿಸಿ ಹೇಳಿದಳು. ತಿಳಿಯಲಿಲ್ಲ. ತಿಳಿಯಿತೆಂದು ತಲೆಯಾಡಿಸಿದೆ.

ಅವಳು ಕಾಲೇಜಿಗೆ ಹೋದ ಮೇಲೆ, ಅವಳ ಮಾತಿಗೆಂದು ಎಂಟೇ ಸುತ್ತು ಹೆಚ್ಚಿಸಿ, ಎಪ್ಪತ್ತೆಂಟು ಸುತ್ತಿದೆ. ಕೂದಲಿನಂಥ ತಂತಿ ಮಗ್ಗ ಎಳೆದೀತೇ ಎಂದು ದಪ್ಪನೆಯದನ್ನೇ ಹಾಕಿದೆ.

ವಾರದೊಳಗೆ ಮೋಟರ್ ಮತ್ತೆ ಬಂತು. ಅಂಗಡಿಯ ತುಂಬ ಸುಟ್ಟ ವಾರ್ನಿಷಿನ ವಾಸನೆ. ಗೆಳೆಯ ಮುಖ ಗಂಟಿಕ್ಕಿ ನಿಂತಿದ್ದ, ಮಗಳೂ ಅಲ್ಲೇ ಇದ್ದಳು.

"ಈಕಿ ಲೆಕ್ಕದಂಗ ಸುತ್ತಿದ್ನಿ," ಎಂದೆ.

ಗೆಳೆಯ ಮೋಟರ್ ಎತ್ತಿಕೊಂಡು ಹೋದ. ಮಗಳು ರಟ್ಟು ತೆಗೆದು ಮೇಲಿನಿಂದ ಕೆಳಗೆ ಮತ್ತೆ ಮತ್ತೆ ನೋಡಿದಳು. ತಪ್ಪು ಸಿಗಲಿಲ್ಲ. ಸಿಗುವಂತಿರಲಿಲ್ಲ.

ತಿಂಗಳ ಮೇಲೆ ಗೆಳೆಯ ಸಂತೆಯಲ್ಲಿ ಸಿಕ್ಕ. ಜಮಖಂಡಿಯಲ್ಲಿ ಸುತ್ತಿಸಿದನಂತೆ, ತಣ್ಣಗೆ ಓಡುತ್ತಿದೆಯಂತೆ. ಎಷ್ಟು ಸುತ್ತು ಎಂದು ಕೇಳಬಾರದಿತ್ತು. ಕೇಳಿದೆ.

"ತೊಂಬತ್ತೆರಡ ಅಂದಾ."

ಡಿಪ್ಲೊಮಾ ಮುಗಿಸಿ ಮಗಳು ಈಗ ಸೀರೆ ಅಂಗಡಿಯೊಂದರಲ್ಲಿ ಮಾರಾಟಕ್ಕೆ ನಿಲ್ಲುತ್ತಾಳೆ. ನನಗೆ ಗಣಿತ ಬರೂದಿಲ್ಲಪ್ಪಾ ಎನ್ನುತ್ತಾಳೆ. ಪ್ರತಿ ಸಲ ನಿಜ ಬಾಯಿಯ ತನಕ ಬರುತ್ತದೆ, ನುಂಗುತ್ತೇನೆ. ಆ ರಟ್ಟು ನನ್ನ ಗಲ್ಲಾಪೆಟ್ಟಿಗೆಯಲ್ಲಿ ಇನ್ನೂ ಇದೆ. ಖಾಲಿ ಮೋಟರ್ ಯಾರು ತಂದರೂ ಜಮಖಂಡಿಗೆ ಕಳಿಸುತ್ತೇನೆ.