ಕಪ್ಪೆಕಲ್ಲಿನ ಇಳಿಜಾರಿನಲ್ಲಿ ಗೀತತ್ತೆ

ಪೆನಾಂಗ್ ದ್ವೀಪಕ್ಕೆ ಆಗಿನ್ನೂ ಎರಡನೇ ಸೇತುವೆ ಬಂದಿರಲಿಲ್ಲ. ಬಯಾನ್ ಲೆಪಾಸಿನ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ ಒಂದು ಕಡೆ ಫ್ಯಾಕ್ಟರಿಗಳ ಬಿಳಿ ಚಾವಣಿ, ಇನ್ನೊಂದು ಕಡೆ ಹಸಿರು ಗುಡ್ಡ. ಜೂನ್ ಬಂತೆಂದರೆ ಆ ಗುಡ್ಡದಿಂದ ಇಳಿಯುವ ಪ್ರತಿ ಮೋಟಾರ್‌ಬೈಕೂ ಡುರಿಯನ್ ಹಣ್ಣಿನ ವಾಸನೆ ಹೊತ್ತು ಬರುತ್ತಿತ್ತು. ಅಮ್ಮ ಕಿಟಕಿ ಮುಚ್ಚುತ್ತಿದ್ದಳು, ನಾನು ತೆರೆಯುತ್ತಿದ್ದೆ. ಭಾನುವಾರ ಬಂದರೆ ನಾನು ಗೀತತ್ತೆಯ ಬಾಲ.

ಗೀತತ್ತೆ ಅಪ್ಪನ ತಂಗಿ. ಚಿಪ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್, ನಮ್ಮ ಮನೆಯಲ್ಲೇ ಇದ್ದಳು. ಮೈಸೂರಿನಲ್ಲಿ ಕಾಲೇಜಿಗೆ ಲೇಡೀಸ್ ಸೈಕಲ್ಲಿನಲ್ಲಿ ಹೋಗಿ ಬಂದವಳು ಇಲ್ಲಿ ದಪ್ಪ ಟೈರಿನ ಗುಡ್ಡದ ಸೈಕಲ್ ಕೊಂಡು, ಒಂದೇ ಸೈಕಲ್ ಹಿಡಿಸುವಂಥ ಕಾಡಿನ ಕಾಲುದಾರಿಗಳಲ್ಲಿ ಓಡಿಸಲು ಕಲಿತಿದ್ದಳು. ಹಿಂದಿನ ವರ್ಷ ಗುಡ್ಡದಾಚೆಯ ಬಾಲಿಕ್ ಪುಲಾವಿನ ಕಡೆ ಇಳಿಯುವಾಗ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದಳು. ಮೂಳೆ ಕೂಡಿಕೊಂಡರೂ ಅಪ್ಪನ ಸಿಟ್ಟು ಇಳಿದಿರಲಿಲ್ಲ.

“ಇನ್ನೊಂದ್ಸಲ ಬಿದ್ಯೋ, ಆ ಸೈಕಲ್ ಈ ಮನೇಲಿರಲ್ಲ ಗೀತಾ.”

“ಬಿದ್ರೆ ನಾನೇ ಮಾರ್ತೀನಿ ಅಣ್ಣ. ಈ ಭಾನುವಾರ ಅದೇ ದಾರೀಲಿ ಬೀಳ್ದೇ ಬಂದ್ರೆ ಇನ್ಮೇಲೆ ನೀನು ಈ ಮಾತೇ ಎತ್ತಬಾರ್ದು.”

“ಬಿದ್ದಿಲ್ಲ ಅಂತ ಹೇಳೋರು ಯಾರು?”

ನಾನು ತಟ್ಟೆಯಿಂದ ತಲೆಯೆತ್ತಿದೆ. “ನಾನ್ ಹೋಗಿ ನೋಡ್ಕೊಂಡ್ ಬರ್ತೀನಿ.”

ನನಗಾಗ ಹನ್ನೊಂದು ವರ್ಷ. ಅತ್ತೆಯ ಸೈಕಲ್ ಮಾರಿಹೋದರೆ ನನ್ನ ಭಾನುವಾರಗಳೂ ಹೋದವೆಂದೇ ಲೆಕ್ಕ. ಆದರೆ ಅವಳ ಜೊತೆ ಸೈಕಲ್ ತುಳಿಯುವ ಗುಂಪಿನವರು ಮಕ್ಕಳನ್ನು ಅಷ್ಟು ದೂರ ಕರೆದೊಯ್ಯುತ್ತಿರಲಿಲ್ಲ. ಎಲ್ಲರಿಗೂ ಅಮ್ಮನ ಕೈಯ ಪುಳಿಯೋಗರೆ ತರುತ್ತೇನೆ ಎಂದೆ. ಬಾಳೆಹಣ್ಣು, ಬಿಸ್ಕತ್ತಿನಲ್ಲಿ ಇಡೀ ದಿನ ಕಳೆಯುತ್ತಿದ್ದವರು ತಕ್ಷಣ ಒಪ್ಪಿದರು. ಈಗ ಸುಬಾಂಗ್ ಜಯಾ ಎಂಬ ಊರಿನಲ್ಲಿ ಹಳೆ ಸೈಕಲ್ ಕೊಂಡು ಮಾರುವ ನಾನು ವ್ಯಾಪಾರ ಕಲಿಯಲು ಬರುವವರಿಗೆಲ್ಲ ಹೇಳುವುದು ಇದನ್ನೇ: ಏನಾದರೂ ಕೇಳುವ ಮೊದಲು, ಕೊಡುವುದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಅಮ್ಮ ಮೈಸೂರಿನಿಂದ ಕಾಶಿಗೆ ರೈಲು ಹತ್ತುವವರಿಗೆ ಕಟ್ಟುವಂತೆ ಸ್ಟೀಲಿನ ಟಿಫಿನ್ ಕ್ಯಾರಿಯರ್ ತುಂಬಿ ಕೊಟ್ಟಳು. ಅದನ್ನು ಬೆನ್ನಚೀಲದಲ್ಲಿ ಹಾಕಿಕೊಂಡು ಹೊರಟರೆ, ಪೆಡಲ್ ತುಳಿದಾಗಲೆಲ್ಲ ಗಣಗಣ ಸದ್ದು. ನಮ್ಮ ಮನೆಯಲ್ಲಿ ಉಂಡುಂಡೇ ಕನ್ನಡ ಕಲಿತಿದ್ದ, ಅತ್ತೆಯ ಫ್ಯಾಕ್ಟರಿಯ ಸೆಲ್ವಂ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

“ಏನ್ ಪಾಪಾ, ಅಡಿಗೆಮನೆನೇ ಕಟ್ಕೊಂಡ್ ಬಂದಿದ್ಯಾ?”

ಮುಂದಾಳು ಲಿಮ್ ಅಂಕಲ್ ಮಾತ್ರ ಗಂಭೀರವಾಗಿ ತಲೆಯಾಡಿಸಿದರು. “ಗುಡ್ ಲಾ. ನೋ ನೀಡ್ ಬೆಲ್.”

ಬೆಳಗಿನ ತಂಪಿನಲ್ಲಿ ತೋಟಗಳ ಕಾಂಕ್ರೀಟ್ ದಾರಿ ಹತ್ತಿದೆವು. ಡುರಿಯನ್ ಮರಗಳ ಕೆಳಗೆ ಹಣ್ಣು ಹಿಡಿಯುವ ಬಲೆ ಕಟ್ಟಿದ್ದರು. ಜಾಯಿಕಾಯಿಯ ಘಮ, ಕೊಳೆತ ಎಲೆಯ ವಾಸನೆ, ಕಿವಿ ಕೊರೆಯುವ ಜೀರುಂಡೆ. ಗುಡ್ಡದ ನೆತ್ತಿ ದಾಟಿದ ಮೇಲೆ ಕಾಂಕ್ರೀಟ್ ಮುಗಿದು ಕಾಲುದಾರಿ ಶುರುವಾಯಿತು. ಅಲ್ಲಿ ಅತ್ತೆ ಬೇರೆಯೇ ಹೆಂಗಸು. ಮೊಣಕೈಗಳನ್ನು ಕೋಳಿಯ ರೆಕ್ಕೆಯಂತೆ ಅಗಲಿಸಿ, ಸೀಟಿನಿಂದ ಎದ್ದು, ಬೇರುಗಳ ಮೇಲೆ ಸೈಕಲ್ ಕುಣಿಯಲು ಬಿಟ್ಟು ತಾನು ಅಲುಗದೆ ಸಾಗುತ್ತಿದ್ದಳು. ನಾನು ಹಿಂದಿನಿಂದ ಬಾಯಿ ಬಿಟ್ಟು ನೋಡುತ್ತ ಎರಡು ಸಲ ಪೊದೆಗೆ ನುಗ್ಗಿದೆ. ನೀವು ಮಕ್ಕಳಿಗೆ ಸೈಕಲ್ ಕೊಡಿಸುವವರಾದರೆ ಬಣ್ಣ ನೋಡಬೇಡಿ, ಬ್ರೇಕ್ ಹಿಡಿದು ನೋಡಿ.

ಮಧ್ಯಾಹ್ನದ ಹೊತ್ತಿಗೆ ಕಪ್ಪೆಕಲ್ಲು ಬಂತು. ಮೆಟ್ಟಿಲಿನಂತೆ ಬೇರುಗಳಿದ್ದ ಕಡಿದಾದ ಇಳಿಜಾರು. ಅದರ ನಡುವೆ ಕುಪ್ಪಳಿಸಲು ಕೂತ ಕಪ್ಪೆಯಂಥ ಬಂಡೆ. ಅತ್ತೆ ಹಿಂದಿನ ವರ್ಷ ಬಿದ್ದದ್ದು ಇಲ್ಲೇ. ಲಿಮ್ ಅಂಕಲ್ ಸುಮ್ಮನೆ ಇಳಿದರು, ಸೆಲ್ವಂ ಅಣ್ಣ ಮುರುಗನನ್ನು ಕೂಗುತ್ತ ಇಳಿದ. ಅತ್ತೆ ಅಂಚಿನಲ್ಲಿ ಒಂಟಿಕಾಲೂರಿ ಬಹಳ ಹೊತ್ತು ನಿಂತಳು. ಕೊನೆಗೆ ಇಳಿದು, ಸೈಕಲ್ ನೂಕಿಕೊಂಡು ನಡೆದೇ ಬಂದಳು. ನಾನೂ ನೂಕಿಕೊಂಡು ಅವಳ ಹಿಂದೆ ಬಂದೆ.

ಕೆಳಗೆ ತೊರೆಯ ಪಕ್ಕ ಕೂತು ಪುಳಿಯೋಗರೆ ಬಿಚ್ಚಿದೆವು. ಸೆಲ್ವಂ ಅಣ್ಣ ಕಡಲೆಬೀಜಗಳನ್ನು ಹೆಕ್ಕಿ ಹೆಕ್ಕಿ ತಿಂದ. ಅತ್ತೆ ಮಾತ್ರ ತುತ್ತು ಕೈಯಲ್ಲಿಟ್ಟುಕೊಂಡು ಇಳಿಜಾರನ್ನೇ ನೋಡುತ್ತಿದ್ದಳು. ನಾನು ಸಮಾಧಾನ ಹೇಳಿದೆ.

“ಅತ್ತೆ, ನೀನು ಬಿದ್ದಿಲ್ವಲ್ಲ. ಗೆದ್ದ ಹಾಗೇನೇ. ಅಪ್ಪಂಗೆ ಬಿದ್ದಿಲ್ಲ ಅಂತೀನಿ. ಸುಳ್ಳೂ ಅಲ್ಲ.”

“ಅದು ನಿಮ್ಮಪ್ಪನ ಹತ್ರ ಆಡಿದ್ ಮಾತು ಶಮಿ. ಈ ಕಲ್ಲಿನ ಹತ್ರ ನಂದು ಇನ್ನೂ ಬಾಕಿ ಇದೆ.” ಕೈ ತೊಳೆದು ಎದ್ದಳು. “ಕೆಳಗಿಂದ ನೋಡಿದ್ರೆ ದಾರಿ ಕಾಣತ್ತೆ ನೋಡು. ಬಲಗಡೆ ಬೇರು ಹಿಡ್ಕೊಂಡ್ ಬಂದ್ರೆ ಆಯ್ತು. ಮೇಲಿದ್ರೆ ಕಣ್ಣು ಬರೀ ಆ ಕಲ್ಲಿಗೇ ಹೋಗತ್ತೆ. ಕಣ್ಣು ಹೋದಲ್ಲಿಗೇ ಸೈಕಲ್ಲೂ ಹೋಗತ್ತೆ.”

“ಬಿದ್ರೆ ಮಾರ್ಬೇಕಲ್ಲ!”

“ಮಾರ್ತೀನಿ. ನೀನು ಆ ಖಾಲಿ ಡಬ್ಬಿ ತಗೊಂಡು ಅಲ್ಲಿ, ಬೇರು ಮುಗಿಯೋ ಕಡೆ ನಿಂತ್ಕೊ. ನಾನು ಹೊರಟ ತಕ್ಷಣ ಬಡಿ. ನಿಲ್ಲಿಸ್ಬೇಡ. ನಾನು ನಿನ್ನೇ ನೋಡ್ಕೊಂಡ್ ಬರ್ತೀನಿ.”

ಗೆದ್ದ ಚೌಕಾಸಿಯನ್ನು ಮತ್ತೆ ಬಿಚ್ಚಬಾರದು. ಈಗಲೂ ನಾನು ಹಾಗೆ ಮಾಡುವುದಿಲ್ಲ, ನಿಮಗೂ ಮಾಡಬೇಡಿ ಎನ್ನುತ್ತೇನೆ. ಅತ್ತೆ ಅದನ್ನೇ ಮಾಡಲು ಸೈಕಲ್ ನೂಕಿಕೊಂಡು ಮೇಲೆ ಹತ್ತಿದಳು.

ಅವಳು ಹೊರಟ ಕೂಡಲೇ ನಾನು ಬಡಿಸಲು ತಂದಿದ್ದ ಸೌಟಿನ ಹಿಡಿಯಿಂದ ಡಬ್ಬಿ ಬಡಿಯತೊಡಗಿದೆ. ಮರದ ಮೇಲಿನ ಹಕ್ಕಿಗಳು ಎದ್ದು ಹಾರಿದವು. ಅತ್ತೆಯ ಮುಂದಿನ ಚಕ್ರ ಅಂಚು ದಾಟಿತು; ಒಂದು ಬೇರು, ಇನ್ನೊಂದು, ಕಪ್ಪೆಕಲ್ಲಿನ ಪಕ್ಕಕ್ಕೆ ಬಂದಾಗ ಹಿಂದಿನ ಚಕ್ರ ಜಾರಿತು. ನನ್ನ ಕೈ ನಿಂತುಹೋಗುವುದರಲ್ಲಿತ್ತು. ಆದರೆ ಅವಳ ಕಣ್ಣು ನನ್ನ ಮೇಲಿಂದ ಕದಲಿರಲಿಲ್ಲ. ಇನ್ನೂ ಜೋರಾಗಿ ಬಡಿದೆ. ಚಕ್ರ ಬೇರನ್ನು ಕಚ್ಚಿಕೊಂಡಿತು. ಅತ್ತೆ ನೇರ ನನ್ನ ಮುಂದೆ ಬಂದು, ನನ್ನ ಕಾಲಿಗೆ ಕೆಸರು ಸಿಡಿಸಿ ನಿಂತಳು. ಏದುಸಿರು ಬಿಡುತ್ತ ಡಬ್ಬಿಯ ಕಡೆ ನೋಡಿ, “ನಿಮ್ಮಮ್ಮ ನನ್ನ ಕೊಲ್ತಾಳೆ, ಎಷ್ಟು ತಗ್ಗು ಬಿದ್ದಿದೆ!” ಎಂದಳು.

“ಕ್ಯಾನ್ ಲಾ!” ಎಂದು ಲಿಮ್ ಅಂಕಲ್, ಆಗಿಯೇಬಿಟ್ಟಿತಲ್ಲ ಎನ್ನುವಂತೆ ಚಪ್ಪಾಳೆ ತಟ್ಟಿದರು.

ಸಂಜೆ ಅಪ್ಪ ಬಾಗಿಲಲ್ಲೇ ಕೇಳಿದರು, “ಏನಾಯ್ತು?”

“ಬೀಳ್ಲಿಲ್ಲ,” ಎಂದೆ ನಾನು.

“ಅಷ್ಟೇನಾ?”

“ಅಷ್ಟೇ.”

ಅಪ್ಪ ಆಮೇಲೆ ಸೈಕಲ್ಲಿನ ಮಾತೆತ್ತಲಿಲ್ಲ. ಮಂಡಿ ನೋವು ಶುರುವಾಗಿ ಅತ್ತೆ ತಾನಾಗಿಯೇ ಬಿಡುವ ತನಕ ಆ ಸೈಕಲ್ ನಮ್ಮ ಮನೆಯಲ್ಲೇ ಇತ್ತು.

ಹೋದ ಡುರಿಯನ್ ಕಾಲದಲ್ಲಿ ಅವಳನ್ನು ಕಾರಿನಲ್ಲಿ ಕಪ್ಪೆಕಲ್ಲಿದ್ದ ಜಾಗಕ್ಕೆ ಕರೆದೊಯ್ದೆ. ತೊರೆಗೆ ಪೈಪು ಹಾಕಿದ್ದಾರೆ. ಇಳಿಜಾರು ಕಡಿದು ರಸ್ತೆ ಮಾಡಿ, ಮಣ್ಣು ಕುಸಿಯದಂತೆ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದಾರೆ. ಈಗ ನನ್ನ ಹತ್ತಿರ ಸೈಕಲ್ ಕೊಳ್ಳುವ ಮಕ್ಕಳಿಗೆ ಎಲ್ಲಿ ತಿರುಗಬೇಕೆಂದು ಫೋನೇ ಹೇಳುತ್ತದೆ. ಕೆಳಗೆ ನಿಂತು ಕಾಯುವವರು ಬೇಕಾಗಿಲ್ಲ. ಅತ್ತೆ ಕೋಲೂರಿಕೊಂಡು ಗೋಡೆಯನ್ನು ನೋಡುತ್ತಲೇ ಇದ್ದಳು. ಕಲ್ಲು ಎಲ್ಲಿತ್ತೆಂದು ನನಗೂ ತೋರಿಸಲಾಗಲಿಲ್ಲ.

ನನ್ನ ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ ಇತ್ತು. ಕಾರಿನ ಕೀಲಿಯಿಂದ ಅದನ್ನು ಬಡಿಯತೊಡಗಿದೆ. ಅತ್ತೆ ಗೋಡೆಯ ಮೇಲಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ನಾನು ನಿಲ್ಲಿಸಲಿಲ್ಲ. ಅವಳು ನನ್ನನ್ನೇ ನೋಡುತ್ತ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದಳು.